ಫೈಬರ್ ಡ್ರಮ್ಮಿಗೂ ಬಣ್ಣ ಬೇಕು

ಗೋಬರ್ ಗ್ಯಾಸಿನ ಕಬ್ಬಿಣದ ಡ್ರಮ್ ತುಕ್ಕು ತಿಂದು ಹೋದ ಮೇಲೆ ಫೈಬರ್‌ನದ್ದು ಹಾಕಿಸಿದೆ. ‘ಇನ್ನು ಪೇಂಟಿನ ರಗಳೆ ಇಲ್ಲ’ ಅಂದುಕೊಂಡಿದ್ದೆ. ತುಕ್ಕು ಇಲ್ಲ ನಿಜ, ಆದರೆ ಬಿಸಿಲು ಬಿಡಬೇಕಲ್ಲ! ಹತ್ತು ಬೇಸಗೆ ಕಳೆಯುವಾಗ ಹೊಳಪು ಹೋಗಿ, ಉಜ್ಜಿದರೆ ಕೈಗೆ ಸುಣ್ಣದಂಥ ಹುಡಿ ಬರತೊಡಗಿತು. ಆಮೇಲೆ ಮೇಲ್ಭಾಗದಲ್ಲಿ ಗಾಜಿನ ಎಳೆಗಳೇ ಎದ್ದವು. ಎಳೆಗಳನ್ನು ಹಿಡಿದಿಡುವ ರೆಸಿನ್ ಬಿಸಿಲಿಗೆ ಸವೆದರೆ ಸಂದಿಯಲ್ಲಿ ನೀರು ಇಳಿದು ಡ್ರಮ್ ಬಲ ಕಳೆದುಕೊಳ್ಳುತ್ತದೆ.

ಹೊಸತು ಕೊಳ್ಳುವ ತಾಕತ್ತು ಇರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಎನಾಮೆಲನ್ನು ಹಾಗೆಯೇ ಬಳಿದೆ. ಒಂದೇ ಮಳೆಗಾಲಕ್ಕೆ ಸಿಪ್ಪೆ ಸುಲಿದಂತೆ ಎದ್ದು ಬಂತು. ಹುಡಿಯ ಮೇಲೆ ಬಳಿದ ಬಣ್ಣ ಹುಡಿಗೇ ಅಂಟುತ್ತದೆ, ಡ್ರಮ್ಮಿಗಲ್ಲ.

ಎರಡನೇ ಸಲ ಮಾಡಿದ ಕ್ರಮ ಇದು. ಜನವರಿಯ ಒಣಹವೆಯಲ್ಲಿ ಒಲೆ, ಬೀಡಿ ಎಲ್ಲ ಬಂದ್ ಮಾಡಿ ವಾಲ್ವ್ ತೆರೆದು ಗ್ಯಾಸ್ ಬಿಟ್ಟೆ. ಡ್ರಮ್ ಎತ್ತುವಾಗಲೂ ವಾಲ್ವ್ ತೆರೆದೇ ಇರಲಿ. ಮುಚ್ಚಿದ್ದರೆ ಒಳಗಿನ ಸೆಳೆತಕ್ಕೆ ಅದು ಮೇಲೆ ಬಾರದು. ನಾಲ್ಕು ಜನ ಸಾಕು. ಗುಂಡಿಗೆ ಕೂಡಲೇ ಹಲಗೆ ಮುಚ್ಚಿ, ಮಕ್ಕಳು, ಕರುಗಳು ಇರುತ್ತವೆ.

ಡ್ರಮ್ಮನ್ನು ಸೋಪಿನ ನೀರಲ್ಲಿ ತೊಳೆದು ಸಗಣಿ, ಪಾಚಿ ತೆಗೆದೆ. ಆಮೇಲೆ ವಾಟರ್ ಪೇಪರಿನಿಂದ ನೀರು ಹಾಕುತ್ತಾ ಉಜ್ಜಿದೆ. ಒಣಗಿದ್ದನ್ನು ಉಜ್ಜಿದರೆ ಗಾಜಿನ ಹುಡಿ ಹಾರಿ ಮೈಯೆಲ್ಲ ತುರಿಕೆ, ಉಸಿರಿಗೂ ಕೆಟ್ಟದು. ತುಂಬುತೋಳಿನ ಅಂಗಿ, ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಹುಡಿ ಬರುವುದು ನಿಂತು, ಇಡೀ ಮೈ ಮಂಕಾಗಿ ಒರಟಾಗುವವರೆಗೆ ಬಿಡಬೇಡಿ. ನನಗೆ ಒಂದು ದಿನ ಪೂರ್ತಿ ಬೇಕಾಯಿತು. ಪುನಃ ತೊಳೆದು ಎರಡು ದಿನ ಒಣಗಿಸಿ, ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಒರೆಸಿದೆ.

ರೆಡ್ ಆಕ್ಸೈಡ್ ಕಬ್ಬಿಣಕ್ಕಾಗಿ ಇರುವುದು, ಇಲ್ಲಿ ಅದರ ಕೆಲಸವಿಲ್ಲ. ಕಪ್ಪು ಎನಾಮೆಲ್ ಎರಡು ಕೋಟ್, ತೆಳುವಾಗಿ, ನಡುವೆ ಒಂದು ದಿನದ ಬಿಡುವು. ಎರಡು ಘನಮೀಟರಿನ ಸ್ಥಾವರದ ಡ್ರಮ್ಮಿನ ಹೊರಮೈಗೆ ಒಂದು ಲೀಟರ್ ಹೆಚ್ಚುಕಡಿಮೆ ಸಾಕಾಯಿತು. ಕಪ್ಪು ಬಿಸಿಲನ್ನು ರೆಸಿನ್ನಿಗೆ ಇಳಿಯಗೊಡುವುದಿಲ್ಲ. ಒಳಮೈಗೆ ಬಿಸಿಲೇ ಇಲ್ಲ, ಅಲ್ಲಿಗೆ ಬಳಿಯಲಿಲ್ಲ. ವಾರ ಬಿಟ್ಟು ಡ್ರಮ್ ಇಳಿಸಿದೆ.

ಪೇಂಟು, ಪೇಪರು, ಬ್ರಶ್ಶು ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು. ಈಗ ನಾಲ್ಕು ಮಳೆಗಾಲ ಕಳೆದಿದೆ, ಬಣ್ಣ ಎದ್ದಿಲ್ಲ. ನಿಮ್ಮ ಡ್ರಮ್ಮನ್ನೂ ಒಮ್ಮೆ ಕೈಯಲ್ಲಿ ಉಜ್ಜಿ ನೋಡಿ. ಬಿಳಿ ಹುಡಿ ಬಂದರೆ, ಎಳೆ ಕಾಣುವವರೆಗೆ ಕಾಯಬೇಡಿ.