ಪಾರಿವಾಳದ ಆಯ್ಕೆ

ಹಿತೋಪದೇಶದಲ್ಲಿ ಚಿತ್ರಗ್ರೀವನ ಕಥೆಯೊಂದುಂಟು. ಪಾರಿವಾಳಗಳ ಅರಸನಾದ ಈತನು ಪರಿವಾರದೊಡನೆ ಹಾರಿಹೋಗುತ್ತಿರುವಾಗ ಕೆಳಗೆ ಕಾಡಿನಲ್ಲಿ ಅಕ್ಕಿಕಾಳು ಚೆಲ್ಲಿರುವುದು ಕಾಣುತ್ತದೆ. ಜನವಿಲ್ಲದ ಕಾಡಿನಲ್ಲಿ ಅಕ್ಕಿ ಎಲ್ಲಿಂದ ಬಂದೀತು ಎಂದು ಅರಸನು ಶಂಕಿಸುತ್ತಾನೆ. ಉಳಿದ ಹಕ್ಕಿಗಳು ಕೇಳುವುದಿಲ್ಲ. ಎಲ್ಲವೂ ಇಳಿದು ಬೇಡನ ಬಲೆಗೆ ಬೀಳುತ್ತವೆ. ಕಥೆ ಹೇಳಿದವರ ಉದ್ದೇಶ ಮನುಷ್ಯರಿಗೆ ನೀತಿ ಹೇಳುವುದು. ಪಾರಿವಾಳ ಅಲ್ಲಿ ನೆಪ ಮಾತ್ರ. ಆದರೆ ಅದೇ ಪ್ರಶ್ನೆಯನ್ನು ನಿಜವಾದ ಪಾರಿವಾಳಕ್ಕೇ ಹಾಕಿದರೆ ಏನಾದೀತು? ಕಣ್ಣೆದುರಿನ ಕಾಳನ್ನೂ ಮುಂದೆ ಬರಲಿರುವ ಲಾಭನಷ್ಟವನ್ನೂ ಆ ಹಕ್ಕಿ ತೂಗಿ ನೋಡಬಲ್ಲುದೆ? ವಿಚಿತ್ರವೆಂದರೆ, ಅಮೆರಿಕದ ಮನಶ್ಶಾಸ್ತ್ರಜ್ಞರು ಹಲವು ದಶಕಗಳ ಕಾಲ ಕೇಳಿದ್ದು ಬಹುಮಟ್ಟಿಗೆ ಇದನ್ನೇ.

ಅವರು ಬಳಸಿದ ಹಕ್ಕಿ ಬೇರೆ ಜಾತಿಯದೇನಲ್ಲ. ಮುಂಬಯಿಯ ಕಟ್ಟಡಗಳ ಸಜ್ಜಾದ ಮೇಲೆ ನಾಲ್ಕು ಕಡ್ಡಿ ಇಟ್ಟು ಗೂಡೆಂದು ಕರೆದುಕೊಳ್ಳುವ, ಒಣಗಲು ಹಾಕಿದ ಬಟ್ಟೆಯನ್ನು ಹೊಲಸು ಮಾಡಿ ಗೃಹಿಣಿಯರಿಂದ ಬೈಸಿಕೊಳ್ಳುವ ಆ ಹಕ್ಕಿಯ ಜ್ಞಾತಿಯೇ. ಅದರ ದೃಷ್ಟಿ ತೀಕ್ಷ್ಣ, ಆಯುಷ್ಯ ದೀರ್ಘ, ಸಾಕುವುದು ಸುಲಭ. ಬಿ. ಎಫ್. ಸ್ಕಿನ್ನರ್ ಎಂಬವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಾರಿವಾಳಗಳಿಂದ ಬಾಂಬಿಗೆ ದಾರಿ ತೋರಿಸುವ ಒಂದು ಯೋಜನೆಯನ್ನೇ ಹೂಡಿದ್ದರು. ಗುರಿಯ ಚಿತ್ರವನ್ನು ಹಕ್ಕಿ ಕುಕ್ಕುತ್ತಿದ್ದಂತೆ ಬಾಂಬು ಆ ಕಡೆಗೆ ತಿರುಗಬೇಕು. ೧೯೪೪ರಲ್ಲಿ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಹಕ್ಕಿಗಳ ಪುಣ್ಯ! ಆದರೆ ಪಾರಿವಾಳ ಎಷ್ಟು ಬೇಗ ಕಲಿಯುತ್ತದೆ, ಕಲಿತದ್ದನ್ನು ಎಷ್ಟು ನಿಷ್ಠೆಯಿಂದ ಮಾಡುತ್ತದೆ ಎಂಬುದು ಆಗ ಗೊತ್ತಾಯಿತು. ಅನಂತರ ಇಲಿಯ ಸ್ಥಾನವನ್ನು ಪಾರಿವಾಳ ಆಕ್ರಮಿಸಿತು.

ಪ್ರಯೋಗದ ಸಲಕರಣೆ ಸರಳವಾದದ್ದು. ಹೊರಗಿನ ಸದ್ದು ಕೇಳಿಸದ ಒಂದು ಪೆಟ್ಟಿಗೆ. ಒಳಗೆ ಗೋಡೆಯಲ್ಲಿ ರೂಪಾಯಿಯಷ್ಟಗಲದ ಒಂದೋ ಎರಡೋ ಗುಂಡಿ. ಹಿಂದಿನಿಂದ ಕೆಂಪು, ಹಸಿರು ದೀಪದ ಬೆಳಕು. ಗುಂಡಿಯನ್ನು ಕುಕ್ಕಿದರೆ ನಿಯಮಕ್ಕನುಸಾರವಾಗಿ ಕಾಳಿನ ತಟ್ಟೆ ಮೇಲಕ್ಕೆ ಬಂದು ಕೆಲವು ಸೆಕೆಂಡು ನಿಂತು ಇಳಿದುಹೋಗುತ್ತದೆ. ಪ್ರತಿಯೊಂದು ಕುಕ್ಕೂ ಯಂತ್ರದಲ್ಲಿ ದಾಖಲಾಗುತ್ತದೆ. ಹಕ್ಕಿ ಕೆಲಸ ಮಾಡಬೇಕಾದರೆ ಹಸಿದಿರಬೇಕು. ಆದುದರಿಂದ ಅದರ ತೂಕವನ್ನು ಸಾಮಾನ್ಯವಾಗಿ ಸಹಜ ತೂಕದ ನೂರಕ್ಕೆ ೮೦ರಷ್ಟಕ್ಕೆ ಇಳಿಸಿರುತ್ತಾರೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಕೆಲಸವಿದೆ.

೧೯೪೮ರಲ್ಲಿ ಸ್ಕಿನ್ನರರು ಗುಂಡಿಯನ್ನೇ ತೆಗೆದುಬಿಟ್ಟು ಒಂದು ಪ್ರಯೋಗ ಮಾಡಿದರು. ಹಕ್ಕಿ ಏನೇ ಮಾಡಲಿ, ಬಿಡಲಿ, ಗೊತ್ತಾದ ಅವಧಿಗೊಮ್ಮೆ ಕಾಳು ಬರುತ್ತದೆ. ಎಂಟು ಹಕ್ಕಿಗಳಲ್ಲಿ ಆರು ಒಂದೊಂದು ವಿಚಿತ್ರ ಚೇಷ್ಟೆಯನ್ನು ಅಭ್ಯಾಸ ಮಾಡಿಕೊಂಡವು. ಒಂದು ಅಪ್ರದಕ್ಷಿಣೆ ಸುತ್ತತೊಡಗಿತು. ಒಂದು ಮೇಲಿನ ಮೂಲೆಗೆ ತಲೆ ಚಾಚುತ್ತಿತ್ತು. ಇನ್ನೂ ಕೆಲವು ಗಡಿಯಾರದ ಲೋಲಕದಂತೆ ತಲೆಯಾಡಿಸುತ್ತಿದ್ದವು. ತಾನು ಸುತ್ತಿದ್ದರಿಂದಲೇ ಕಾಳು ಬಂತೆಂದು ಹಕ್ಕಿ ನಂಬಿದಂತಿದೆ, ಇದೇ ಮೂಢನಂಬಿಕೆಯ ಬೀಜ ಎಂದು ಸ್ಕಿನ್ನರರು ಬರೆದರು. ಬಹಳ ಜನಪ್ರಿಯವಾದ ಮಾತು. ಆದರೆ ೧೯೭೧ರಲ್ಲಿ ಸ್ಟೇಡನ್ ಮತ್ತು ಸಿಮೆಲ್‌ಹ್ಯಾಗ್ ಇಬ್ಬರೂ ಅದೇ ಪ್ರಯೋಗವನ್ನು ಕ್ಷಣಕ್ಷಣವೂ ಗಮನಿಸಿ ಮಾಡಿದಾಗ, ಕಾಳು ಬರುವ ಹೊತ್ತು ಸಮೀಪಿಸಿದಂತೆ ಹಕ್ಕಿಗಳೆಲ್ಲ ಬಹುಮಟ್ಟಿಗೆ ಒಂದೇ ಕೆಲಸ ಮಾಡುತ್ತಿದ್ದವು—ಸುಮ್ಮನೆ ಕುಕ್ಕುವುದು. ಸುತ್ತುವುದು, ಅಲೆದಾಡುವುದು ಇವೆಲ್ಲ ಕಾಳು ಬರಲು ಇನ್ನೂ ಹೊತ್ತಿರುವಾಗಿನ ಚಟುವಟಿಕೆ. ಅಂದರೆ ಅದು ಕುರುಡು ನಂಬಿಕೆಗಿಂತ ಹೆಚ್ಚಾಗಿ ಊಟಕ್ಕೆ ಕಾದಿರುವ ಪ್ರಾಣಿಯ ಚಡಪಡಿಕೆ. ಮೊದಲಿನ ಅರ್ಥವೇ ಹೆಚ್ಚು ರಂಜಕ; ಎರಡನೆಯದೇ ಹೆಚ್ಚು ಸರಿಯೆಂದು ನನಗೆ ತೋರುತ್ತದೆ.

ಆಯ್ಕೆಯ ವಿಚಾರ ನಿಜವಾಗಿ ಆರಂಭವಾಗುವುದು ಹಾರ್ವರ್ಡಿನ ರಿಚರ್ಡ್ ಹೆರ್ನ್‌ಸ್ಟೈನ್ ಅವರಿಂದ. ೧೯೬೧ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಎರಡು ಗುಂಡಿಗಳು. ಎರಡರಿಂದಲೂ ಸೇರಿ ಗಂಟೆಗೆ ಸುಮಾರು ೪೦ ಸಲ ಕಾಳು ಸಿಗಬಹುದು; ಆದರೆ ಹಂಚಿಕೆ ಬೇರೆ ಬೇರೆ. ಒಮ್ಮೆ ೨೦-೨೦, ಒಮ್ಮೆ ೨೭-೧೩, ಇನ್ನೊಮ್ಮೆ ೩೩-೭. ಯಾವ ಗಳಿಗೆಯಲ್ಲಿ ಯಾವ ಗುಂಡಿ ಕಾಳು ಕೊಡುವುದೆಂದು ಹಕ್ಕಿಗೆ ತಿಳಿಯುವಂತಿಲ್ಲ. ಇಲ್ಲಿ ಒಂದು ಸೂಕ್ಷ್ಮವುಂಟು. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹಾರಿದ ಕೂಡಲೇ ಕಾಳು ಬಂದುಬಿಟ್ಟರೆ, ಹಕ್ಕಿ ಬರಿಯ ಓಡಾಟವನ್ನೇ ಕಲಿತುಬಿಡುತ್ತದೆ. ಅದಕ್ಕಾಗಿ ಗುಂಡಿ ಬದಲಿಸಿದ ಮೇಲೆ ಒಂದೂವರೆ ಸೆಕೆಂಡು ಏನೂ ಸಿಗದಂತೆ ಏರ್ಪಾಡು ಮಾಡಿದರು. ಆಮೇಲೆ ಕಂಡ ಫಲ ಅಚ್ಚರಿಯದು: ಒಂದು ಗುಂಡಿಯಿಂದ ಮೂರರಲ್ಲಿ ಎರಡು ಪಾಲು ಕಾಳು ಬರುತ್ತಿದ್ದರೆ, ಹಕ್ಕಿಯ ಕುಕ್ಕುಗಳಲ್ಲಿಯೂ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಅದಕ್ಕೇ ಮೀಸಲು. ಆದಾಯ ಬಂದಷ್ಟೇ ಪ್ರಮಾಣದಲ್ಲಿ ದುಡಿಮೆ. ಇದಕ್ಕೆ ಹೊಂದಿಕೆಯ ನಿಯಮವೆಂದು ಹೆಸರಾಯಿತು.

ಹೆಚ್ಚು ಕೊಡುವ ಗುಂಡಿಯನ್ನೇ ಸದಾ ಕುಕ್ಕಬಾರದೆ ಎಂದು ಕೇಳಬಹುದು. ಕೂಡದು. ಇಲ್ಲಿ ಕಾಳು ಒಮ್ಮೆ ಸಿದ್ಧವಾಯಿತೆಂದರೆ ಹಕ್ಕಿ ಬಂದು ಕುಕ್ಕುವವರೆಗೂ ಕಾದಿರುತ್ತದೆ. ಬಡ ಗುಂಡಿಯ ಕಡೆಗೂ ಆಗಾಗ ಹೋಗಿ ಬಂದರೆ ಅಲ್ಲಿ ಕೂಡಿಬಿದ್ದದ್ದು ಸಿಗುತ್ತದೆ. ವಾರಕ್ಕೊಮ್ಮೆ ಮಾತ್ರ ಕಾಗದ ಬರುವ ಮನೆಯವನೂ ಅಂಚೆಪೆಟ್ಟಿಗೆಯನ್ನು ಒಮ್ಮೊಮ್ಮೆ ತೆರೆದು ನೋಡುತ್ತಾನಲ್ಲವೆ? ಕಾಳು ಹಾಗೆ ಕಾದಿರದೆ ಕುಕ್ಕಿನ ಎಣಿಕೆಗೆ ತಕ್ಕಂತೆ ಬರುವ ಏರ್ಪಾಡಾದರೆ, ಹಕ್ಕಿಗಳು ಲಾಭದ ಗುಂಡಿಗೇ ಅಂಟಿಕೊಳ್ಳುತ್ತವೆಂದು ಹೆರ್ನ್‌ಸ್ಟೈನರೇ ಲವ್‌ಲ್ಯಾಂಡ್ ಎಂಬವರೊಡನೆ ೧೯೭೫ರಲ್ಲಿ ತೋರಿಸಿದರು.

ಇಲ್ಲಿಯವರೆಗೆ ಪಾರಿವಾಳ ಜಾಣ ವ್ಯಾಪಾರಿ. ಕಾಲವೆಂಬುದು ನಡುವೆ ಬಂದೊಡನೆ ಚಿತ್ರ ಬದಲಾಗುತ್ತದೆ. ೧೯೭೨ರಲ್ಲಿ ಹೋವರ್ಡ್ ರಾಕ್ಲಿನ್ ಮತ್ತು ಲಿಯೊನಾರ್ಡ್ ಗ್ರೀನ್ ಹಕ್ಕಿಗಳ ಮುಂದೆ ಕೆಂಪು, ಹಸಿರು ಗುಂಡಿಗಳನ್ನಿಟ್ಟರು. ಕೆಂಪನ್ನು ಕುಕ್ಕಿದರೆ ಆ ಕ್ಷಣವೇ ೨ ಸೆಕೆಂಡು ಕಾಳು ತಿನ್ನಬಹುದು. ಹಸಿರನ್ನು ಕುಕ್ಕಿದರೆ ೪ ಸೆಕೆಂಡು ಕತ್ತಲೆಯಲ್ಲಿ ಕಾದಿದ್ದು ಆಮೇಲೆ ೪ ಸೆಕೆಂಡು ತಿನ್ನಬಹುದು. ಕೆಂಪನ್ನು ಕುಕ್ಕಿದ ಹಕ್ಕಿಯೂ ತಿಂದಾದ ಮೇಲೆ ಉಳಿದ ಹೊತ್ತು ಕೂರಬೇಕಾದ್ದರಿಂದ ಒಟ್ಟು ಕಾಲದಲ್ಲಿ ಉಳಿತಾಯವೇನೂ ಇಲ್ಲ. ಆದರೂ ಹಕ್ಕಿಗಳು ಹೆಚ್ಚುಕಡಿಮೆ ಪ್ರತಿ ಸಲವೂ ಕೆಂಪನ್ನೇ ಆರಿಸಿದವು. ಚಿತ್ರಗ್ರೀವನ ಪರಿವಾರವೇ ಸರಿ!

ಆಮೇಲೆ ಅವರು ಇನ್ನೊಂದು ಮೆಟ್ಟಿಲು ಸೇರಿಸಿದರು. ಕೆಂಪು-ಹಸಿರು ಬರುವುದಕ್ಕೆ ಮೊದಲೇ ಬೇರೆ ಎರಡು ಗುಂಡಿಗಳು. ಒಂದನ್ನು ಕುಕ್ಕಿದರೆ ಸ್ವಲ್ಪ ಹೊತ್ತಿನ ಮೇಲೆ ಕೆಂಪು-ಹಸಿರು ಎರಡೂ ಎದುರಾಗುತ್ತವೆ. ಇನ್ನೊಂದನ್ನು ಕುಕ್ಕಿದರೆ ಅಷ್ಟೇ ಹೊತ್ತಿನ ಮೇಲೆ ಹಸಿರು ಮಾತ್ರ. ಕೆಂಪಿನ ಆಸೆಗೆ ಎಡೆಯೇ ಇಲ್ಲ. ನಡುವಿನ ಹೊತ್ತು ಅರ್ಧ ಸೆಕೆಂಡಿನಷ್ಟು ಕಿರಿದಾದಾಗ ಹಕ್ಕಿಗಳು ಮೊದಲನೆಯದರ ಕಡೆಗೆ ಹೋದವು, ಕೆಂಪಿಗೆ ಸೋತವು. ನಡುವಿನ ಹೊತ್ತನ್ನು ೧೬ ಸೆಕೆಂಡಿನವರೆಗೆ ಹೆಚ್ಚಿಸುತ್ತ ಹೋದಂತೆ ಒಲವು ಎರಡನೆಯದರ ಕಡೆಗೆ ತಿರುಗಿತು. ಆಸೆ ಇನ್ನೂ ದೂರದಲ್ಲಿರುವಾಗಲೇ ಅದರ ಬಾಗಿಲಿಗೆ ಹಕ್ಕಿ ತಾನೇ ಅಗುಳಿ ಹಾಕಿಕೊಂಡಿತು.

ಇದು ಹೇಗಾಯಿತೆಂಬುದಕ್ಕೆ ಲೆಕ್ಕವೂ ಉಂಟು. ಜೇಮ್ಸ್ ಮಜೂರ್ ಎಂಬವರು ೧೯೮೭ರಲ್ಲಿ ಪಾರಿವಾಳಗಳಿಂದಲೇ ಕಂಡುಕೊಂಡ ಸೂತ್ರದ ಸರಳ ರೂಪ ಹೀಗೆ: ಪ್ರತಿಫಲದ ಬೆಲೆಯೆಂದರೆ ಅದರ ಪರಿಮಾಣವನ್ನು, ಕಾಯಬೇಕಾದ ಹೊತ್ತಿಗೆ ಒಂದು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿದಷ್ಟು. (ಕಾಯುವ ಹೊತ್ತನ್ನು ಹಕ್ಕಿಯ ತಾಳ್ಮೆಗೆ ತಕ್ಕಂತೆ ಗುಣಿಸುವುದೂ ಉಂಟು, ಇಲ್ಲಿ ಬಿಡೋಣ.) ಕೆಂಪು ಎದುರಿಗಿರುವಾಗ ಅದರ ಬೆಲೆ ೨ನ್ನು ೧ರಿಂದ ಭಾಗಿಸಿದರೆ ೨, ಹಸಿರಿನದು ೪ನ್ನು ೫ರಿಂದ ಭಾಗಿಸಿದರೆ ೦.೮. ಕೆಂಪೇ ಮೇಲು. ಈಗ ಎರಡನ್ನೂ ಹತ್ತು ಸೆಕೆಂಡು ದೂರ ತಳ್ಳಿ. ಕೆಂಪು ೨ನ್ನು ೧೧ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ೦.೧೮. ಹಸಿರು ೪ನ್ನು ೧೫ರಿಂದ ಭಾಗಿಸಿದಷ್ಟು, ಸುಮಾರು ೦.೨೭. ತಕ್ಕಡಿ ತಿರುಗಿತು! ಹಕ್ಕಿ ಬದಲಾಗಲಿಲ್ಲ, ಕಾಳು ಬದಲಾಗಲಿಲ್ಲ. ನೋಡುವ ದೂರವಷ್ಟೇ ಬದಲಾಯಿತು. ಸಂಬಳ ಕೈಗೆ ಬರುವ ಮೊದಲೇ ಭವಿಷ್ಯನಿಧಿಗೆ ಕಡಿತವಾಗಲೆಂದು ಒಪ್ಪುವ ನೌಕರನೂ, ತಿಂಗಳ ಮೊದಲನೆಯ ದಿನ ಅದೇ ಹಣ ಜೇಬಿನಲ್ಲಿದ್ದರೆ ಅಂಗಡಿಬೀದಿಗೆ ಹೋಗುವ ನೌಕರನೂ ಒಬ್ಬನೇ ಆಗಿರುವುದು ಹೇಗೆಂದು ಈ ಭಾಗಾಕಾರದಿಂದ ತಿಳಿಯುತ್ತದೆ.

ಪಾರಿವಾಳ ಮನುಷ್ಯನನ್ನು ಮೀರಿಸಿದ ಸಂದರ್ಭವೂ ಒಂದುಂಟು. ಮೂರು ಗುಂಡಿಗಳಲ್ಲಿ ಒಂದರ ಹಿಂದೆ ಬಹುಮಾನ. ನೀವು ಒಂದನ್ನು ಆರಿಸಿದ ಮೇಲೆ ಉಳಿದೆರಡರಲ್ಲಿ ಬರಿದಾದ ಒಂದನ್ನು ಆರಿಸಿ ಬಿಡುತ್ತಾರೆ. ಈಗ ಹಳೆಯ ಆಯ್ಕೆಗೇ ನಿಲ್ಲುವಿರೋ, ಬದಲಿಸುವಿರೋ? ಬದಲಿಸಿದರೆ ಮೂರರಲ್ಲಿ ಎರಡು ಸಲ ಗೆಲುವು. ೨೦೧೦ರಲ್ಲಿ ಹರ್ಬ್ರಾನ್ಸನ್ ಮತ್ತು ಶ್ರೋಡರ್ ಇದನ್ನು ಪಾರಿವಾಳಗಳಿಗೆ ಒಡ್ಡಿದಾಗ, ಒಂದು ತಿಂಗಳ ಅಭ್ಯಾಸದ ಹೊತ್ತಿಗೆ ಅವು ಹೆಚ್ಚುಕಡಿಮೆ ಪ್ರತಿ ಸಲವೂ ಬದಲಿಸುತ್ತಿದ್ದವು. ಕಾಲೇಜಿನ ವಿದ್ಯಾರ್ಥಿಗಳು ೨೦೦ ಸಲ ಆಡಿದರೂ ಅಲ್ಲಿಗೆ ಮುಟ್ಟಲಿಲ್ಲ. ವಿದ್ಯಾರ್ಥಿಗಳು ತರ್ಕ ಮಾಡಿದರು. ಹಕ್ಕಿಗಳು ಫಲವನ್ನು ನೋಡಿದವು.

ಆದರೆ ಕೆಂಟಕಿ ವಿಶ್ವವಿದ್ಯಾಲಯದಿಂದ ಬಂದ ವರದಿ ತಲೆಕೆಳಗಾದದ್ದು. ಸ್ಟ್ಯಾಗ್ನರ್ ಮತ್ತು ಜೆಂಟಾಲ್ ಎಂಬವರು ಹಕ್ಕಿಗಳಿಗೆ ಎರಡು ದಾರಿ ಕೊಟ್ಟರು. ಒಂದರಲ್ಲಿ ಯಾವಾಗಲೂ ೩ ಗುಳಿಗೆ ತಿಂಡಿ ಖಂಡಿತ. ಇನ್ನೊಂದರಲ್ಲಿ ಐದರಲ್ಲಿ ಒಂದು ಸಲ ಒಂದು ಬಣ್ಣ ಹೊತ್ತಿಕೊಂಡು ೧೦ ಗುಳಿಗೆ ಬರುತ್ತದೆ. ಉಳಿದ ನಾಲ್ಕು ಸಲ ಬೇರೆ ಬಣ್ಣ, ಏನೂ ಇಲ್ಲ. ಸರಾಸರಿ ೨. ಹಕ್ಕಿಗಳು ಬಲವಾಗಿ ಆರಿಸಿದ್ದು ಎರಡನೆಯದನ್ನೇ. ಬಣ್ಣ ನೋಡಿದರೆ ಫಲ ತಿಳಿಯದಂತೆ ಮಾಡಿದಾಗ ಮಾತ್ರ ೩ರ ಕಡೆಗೆ ಮರಳಿದವು. ಅಂದರೆ ಹಕ್ಕಿಯನ್ನು ಸೆಳೆದದ್ದು ಗೆಲುವನ್ನು ಸಾರುವ ಆ ದೀಪ. ನಾಲ್ಕು ಸಲದ ಸೋಲಿನ ದೀಪವನ್ನು ಅದು ಲೆಕ್ಕಕ್ಕೇ ಹಿಡಿಯಲಿಲ್ಲ. ಮಟ್ಕಾ ಅಂಕಿಯ ಬೆನ್ನುಹತ್ತಿ ಮುಂಬಯಿಯಲ್ಲಿ ಮನೆ ಕಳೆದುಕೊಂಡವರ ಸಂಗತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂಜಾಡುವ ಅಭ್ಯಾಸವಿದ್ದ ಮನುಷ್ಯರಿಗೆ ಇಂಥದೇ ಆಟ ಒಡ್ಡಿದಾಗ, ಅಭ್ಯಾಸವಿಲ್ಲದವರಿಗಿಂತ ಹೆಚ್ಚಾಗಿ ಅವರೂ ಪಾರಿವಾಳದ ಹಾದಿಯನ್ನೇ ಹಿಡಿದರೆಂದು ೨೦೧೨ರಲ್ಲಿ ವರದಿಯಾಯಿತು.

ಆಗ ಯಾರಿಗಾದರೂ ಹೊಳೆಯಬೇಕಾದ ಪ್ರಶ್ನೆಯೊಂದುಂಟು: ಈ ಹಕ್ಕಿಗಳು ಅರೆಹೊಟ್ಟೆಯವಲ್ಲವೆ? ಜೆಂಟಾಲರ ಬಳಗವೇ ೨೦೧೨ರಲ್ಲಿ ಅದನ್ನು ಪರೀಕ್ಷಿಸಿತು. ಹಸಿವು ಹೆಚ್ಚಾಗಿದ್ದ ಪಾರಿವಾಳಗಳು ೧೦ರ ಆಸೆಗೆ ಬಿದ್ದವು. ಹೊಟ್ಟೆ ಅಷ್ಟು ಹಸಿದಿಲ್ಲದವು ೩ನ್ನು ಆರಿಸಿ ಹೆಚ್ಚು ತಿಂದವು. ಮರುವರ್ಷ ಇನ್ನೊಂದು ಪ್ರಯೋಗ. ಕೆಲವು ಹಕ್ಕಿಗಳನ್ನು ಎಂದಿನಂತೆ ಒಂಟಿ ಪಂಜರದಲ್ಲಿಟ್ಟರು. ಬೇರೆ ಕೆಲವನ್ನು ದಿನದಲ್ಲಿ ಸ್ವಲ್ಪ ಹೊತ್ತು ದೊಡ್ಡ ಪಂಜರದೊಳಗೆ ಇತರ ಪಾರಿವಾಳಗಳ ಜೊತೆಗೆ ಬಿಟ್ಟರು. ಜೊತೆಯಲ್ಲಿ ಬಾಳಿದ ಹಕ್ಕಿಗಳು ಜೂಜಿನ ಗುಂಡಿಯ ಕಡೆಗೆ ವಾಲಿದ್ದು ಕಡಿಮೆ.