ನಾಯಿಗೆ ಉಣ್ಣೆ ಜ್ವರ: ಮೂಗಿನಲ್ಲಿ ರಕ್ತ ಬರುವತನಕ ಕಾಯಬೇಡಿ

ಹೊಲ ಕಾಯುವ ನಿಮ್ಮ ನಾಯಿ ಎರಡು ದಿನದಿಂದ ಮುದ್ದೆಯನ್ನು ಮೂಸಿ ನೋಡಿ ತಿರುಗಿ ಮಲಗುತ್ತಿದೆಯೇ? ಹಂದಿಯ ಸದ್ದಿಗೆ ಎದ್ದು ಓಡುತ್ತಿದ್ದದ್ದು ಈಗ ಕರೆದರೂ ಬರಿದೇ ಬಾಲ ಆಡಿಸುತ್ತಿದೆಯೇ? ಹಾಗಿದ್ದರೆ ಮೊದಲು ಅದರ ಕಿವಿಯೊಳಗೂ ಕಾಲ್ಬೆರಳುಗಳ ಸಂದಿಯಲ್ಲೂ ನೋಡಿ. ಆಮೇಲೆ ತುಟಿ ಎತ್ತಿ ಒಸಡಿನ ಬಣ್ಣ ನೋಡಿ. ಅಲ್ಲಿ ಉಣ್ಣೆ, ಇಲ್ಲಿ ಬಿಳುಪು ಕಂಡಿತೆಂದರೆ ಅಂದೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ಎಮ್ಮೆ ಮೇವು ಬಿಟ್ಟರೆ ಅದೇ ಹೊತ್ತು ಡಾಕ್ಟರನ್ನು ಹುಡುಕಿಕೊಂಡು ಹೋಗುವ ನಾವು ನಾಯಿಯ ವಿಷಯದಲ್ಲಿ ಅಷ್ಟು ಗಮನ ಕೊಡುವುದಿಲ್ಲ. ಕುರಿ ಮಂದೆಯೊಡನೆ ಅಲೆಯುವವರನ್ನು ಕೇಳಿ ನೋಡಿ. ತೋಳದ ಕಾಟವಿರುವ ಕಡೆ ಒಂದು ಒಳ್ಳೆಯ ನಾಯಿ ಸತ್ತರೆ ಆಗುವ ನಷ್ಟವನ್ನು ಅವರು ಕುರಿಗಳ ಲೆಕ್ಕದಲ್ಲೇ ಹೇಳುತ್ತಾರೆ.

ರಕ್ತದೊಳಗಿನ ಶತ್ರು

ಉಣ್ಣೆ ಹೀರುವ ರಕ್ತಕ್ಕಿಂತ ಅದು ಬಿಟ್ಟುಹೋಗುವ ರೋಗಾಣು ಹೆಚ್ಚು ಅಪಾಯಕರ. ಇವುಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಎರ್ಲಿಕಿಯಾ. ಇದು ಬಿಳಿ ರಕ್ತಕಣಗಳನ್ನು ಹೊಕ್ಕು, ರಕ್ತ ಹೆಪ್ಪುಗಟ್ಟಿಸುವ ಕಣಗಳು ಕುಗ್ಗುವಂತೆ ಮಾಡುತ್ತದೆ. ಉಣ್ಣೆ ಕಚ್ಚಿ ಒಂದರಿಂದ ಮೂರು ವಾರಕ್ಕೆ ಜ್ವರ, ನಿಶ್ಶಕ್ತಿ ಕಾಣಿಸುತ್ತವೆ. ಕೆಲವು ದಿನಗಳಲ್ಲಿ ಜ್ವರ ತಾನೇ ಇಳಿಯುವುದೂ ಉಂಟು. ಮೋಸವಿರುವುದು ಇಲ್ಲಿಯೇ! ನಾಯಿ ಗುಣವಾಯಿತೆಂದು ನೀವು ಮರೆತಿರುತ್ತೀರಿ. ರೋಗಾಣು ಒಳಗೇ ಉಳಿದು ತಿಂಗಳುಗಳ ಬಳಿಕ ಮೂಳೆಯೊಳಗಿನ ಮಜ್ಜೆಯನ್ನು ಕೆಡಿಸುತ್ತದೆ. ಆಗ ಮೂಗಿನಿಂದ ರಕ್ತ ಸುರಿಯುತ್ತದೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳೇಳುತ್ತವೆ. ಉಷ್ಣವಾಗಿದೆಯೆಂದು ಮಜ್ಜಿಗೆ ಹಾಕಿ ಸುಮ್ಮನಾಗುವವರಿದ್ದಾರೆ. ಆ ಹಂತದಲ್ಲಿ ಉಳಿಸುವುದು ಬಹಳ ಕಷ್ಟ. ವಿಯೆಟ್ನಾಂ ಯುದ್ಧದಲ್ಲಿ, 1960ರ ದಶಕದ ಕೊನೆಯ ಹೊತ್ತಿಗೆ, ಅಮೆರಿಕದ ಸೇನೆಯ ನೂರಾರು ನಾಯಿಗಳು ಈ ರೋಗಕ್ಕೆ ಬಲಿಯಾದವು. ಜರ್ಮನ್ ಷೆಫರ್ಡ್ ತಳಿಗೆ ಇದರ ಹೊಡೆತ ಹೆಚ್ಚು.

ಎರಡನೆಯದು ಬೆಬೀಸಿಯಾ. ಇದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಒಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಇದರ ಒಂದು ಬಗೆಯನ್ನು ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಮದರಾಸಿನಲ್ಲಿಯೇ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಅಲ್ಲಿನ ಬೇಟೆನಾಯಿಗಳ ರಕ್ತದಲ್ಲಿ, ಬಳಿಕ ಗುಳ್ಳೆನರಿಯ ರಕ್ತದಲ್ಲಿ ಅದನ್ನು ಕಂಡರು. ಈ ಬಗೆಯು ನಾಯಿಗಳ ಕಚ್ಚಾಟದಲ್ಲೂ ಒಂದರಿಂದೊಂದಕ್ಕೆ ದಾಟುತ್ತದೆ.

ಮೈಮೇಲಿರುವುದು ಸ್ವಲ್ಪ, ಗೋಡೆಯಲ್ಲಿರುವುದು ಬಹಳ

ನಾಯಿಯನ್ನು ಹಿಡಿಯುವ ಕಂದು ಉಣ್ಣೆ ತನ್ನ ಜೀವನದಲ್ಲಿ ಮೂರು ಸಲ ನಾಯಿಯ ಮೈಗೆ ಹತ್ತಿ, ಮೂರು ಸಲವೂ ಕೆಳಗಿಳಿಯುತ್ತದೆ. ನೆನೆಸಿದ ಅವರೆಕಾಳಿನಂತೆ ಉಬ್ಬಿದ ಹೆಣ್ಣು ಉಣ್ಣೆ ಗೋಡೆ ಹತ್ತಿ, ಬಿರುಕಿನಲ್ಲಿ ಕುಳಿತು ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಬೆಳೆದ ಉಣ್ಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಆದ್ದರಿಂದ ನಾಯಿಯನ್ನಷ್ಟೇ ತೊಳೆದರೆ ಸಾಲದು. ಅದು ಮಲಗುವ ಜಗಲಿ, ಕೊಟ್ಟಿಗೆಯ ಮೂಲೆ, ಗೋಡೆಯ ಬಿರುಕುಗಳನ್ನು ಮಣ್ಣು ಇಲ್ಲವೆ ಸಿಮೆಂಟಿನಿಂದ ಮುಚ್ಚಿ. ಹಾಸಿದ ಹಳೆಯ ಗೋಣಿಯನ್ನು ಸುಟ್ಟುಬಿಡಿ.

ಮೈಮೇಲಿನ ಉಣ್ಣೆಯನ್ನು ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು, ಸೋಪಿನ ನೀರಿರುವ ಬಾಟಲಿಗೆ ಹಾಕಿ. ಬೀಡಿಯ ಕಿಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಉಗುರಿನಿಂದ ಒರೆಯಲೂ ಕೂಡದು. ಈ ಉಣ್ಣೆ ಮನುಷ್ಯರಿಗೂ ಒಂದು ಬಗೆಯ ಟೈಫಸ್ ಜ್ವರ ಹರಡಬಲ್ಲದು. (ಮಲೆನಾಡಿನವರು ಗಮನಿಸಿ: 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಉಣುಗು ಬೇರೆ ಜಾತಿಯದು.)

ಬೆಳೆಗೆಂದು ತಂದ ಕೀಟನಾಶಕದಲ್ಲಿ ಉಳಿದದ್ದನ್ನು ನಾಯಿಯ ಮೈಗೆ ಬಳಿಯುವ ಅಭ್ಯಾಸ ಕೆಲವರಲ್ಲಿದೆ. ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಉಣ್ಣೆಯ ಜೊತೆಗೆ ನಾಯಿಯೂ ಹೋಗುತ್ತದೆ. ನಾಯಿಗೆಂದೇ ಮಾಡಿದ ಮಾತ್ರೆ, ಹನಿ ಔಷಧಿ, ಕೊರಳ ಪಟ್ಟಿಗಳು ದೊರೆಯುತ್ತವೆ. ನಾಯಿಯ ತೂಕ ಹೇಳಿ ಡಾಕ್ಟರ ಸಲಹೆಯಂತೆ ಪಡೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ತಿಳಿಸಿ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಮಾತ್ರೆ ನಡುವೆ ನಿಲ್ಲಿಸಬೇಡಿ

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಎರಡೂ ರೋಗಗಳಿಗೆ ಔಷಧಿ ಬೇರೆ ಬೇರೆ, ಕೆಲವೊಮ್ಮೆ ಎರಡೂ ಒಟ್ಟಿಗೆ ಇರುತ್ತವೆ. ಎರ್ಲಿಕಿಯಾಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಕೊಡಿಸುತ್ತಾರೆ. ಎರಡು ಮೂರು ದಿನದಲ್ಲೇ ನಾಯಿ ಎದ್ದು ಉಣ್ಣತೊಡಗುತ್ತದೆ. ಆಗಲೇ ಹೆಚ್ಚಿನವರು ಮಾತ್ರೆ ಬಿಡುವುದು. 28 ದಿನವೂ ಊಟದ ಜೊತೆ ಕೊಡಲೇಬೇಕು. ಮನೆಯವರು ನುಂಗುವ ಜ್ವರದ ಮಾತ್ರೆಯನ್ನು ನಾಯಿಗೆ ಹಾಕಬೇಡಿ, ಅದರಿಂದ ಪಿತ್ತಕೋಶ, ಮೂತ್ರಪಿಂಡ ಕೆಡುತ್ತವೆ.

ಎರ್ಲಿಕಿಯಾಗೆ ಲಸಿಕೆಯಿಲ್ಲ. ಒಮ್ಮೆ ಬಂದು ಗುಣವಾದ ನಾಯಿಗೆ ಮತ್ತೆ ಬರಬಾರದೆಂದೇನೂ ಇಲ್ಲ. ಆದಕಾರಣ ಸಂಜೆ ಊಟ ಹಾಕುವಾಗ ದಿನವೂ ಕಿವಿ, ಕೊರಳು, ಬೆರಳಸಂದಿಗಳ ಮೇಲೆ ಒಮ್ಮೆ ಕೈಯಾಡಿಸಿ, ಆ ಬಳಿಕ ಸೋಪಿನಿಂದ ಕೈ ತೊಳೆಯಿರಿ.