ಕಿವಿಯ ಮಡಿಕೆಗಳಲ್ಲಿ ಅಡಗಿದ ಎತ್ತರ

ಪುಣೆ–ಸೊಲ್ಲಾಪುರ ಹೆದ್ದಾರಿಯ ಇಂದಾಪುರವನ್ನು ಉಜನಿಯ ಹಿನ್ನೀರಿಗಾಗಿಯೂ ಅಲ್ಲಿಗೆ ಬಂದಿಳಿಯುವ ರಾಜಹಂಸಗಳಿಗಾಗಿಯೂ ಬಲ್ಲವರು ಅನೇಕರು. ಆದರೆ ಅದೇ ತಾಲ್ಲೂಕಿನ ಕಡಬನವಾಡಿಯ ಹುಲ್ಲುಗಾವಲನ್ನು ಕಂಡುಬಂದಂದಿನಿಂದ ನನ್ನ ಚಿತ್ತವನ್ನು ಆಕ್ರಮಿಸಿರುವುದು ಕಿವಿ.

ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ವನ್ಯಧಾಮದ ಆಶ್ರಯ ಪಡೆದಿರುವ ಚಿಂಕಾರವೆಂಬ ಹುಲ್ಲೆ ಅಲ್ಲಿಯೂ ಉಂಟು. ಒಣಹುಲ್ಲಿನ ನಡುವೆ ನಿಂತಿದ್ದ ಹೆಣ್ಣು ಚಿಂಕಾರವೊಂದು, ಕತ್ತನ್ನು ಕಿಂಚಿತ್ತೂ ಅಲುಗಿಸದೆ, ಒಂದು ಕಿವಿಯನ್ನು ನಮ್ಮ ಹೆಜ್ಜೆಯ ಸದ್ದಿಗೂ ಇನ್ನೊಂದನ್ನು ದೂರದ ಕುರಿಹಟ್ಟಿಯಲ್ಲಿ ಬೊಗಳುತ್ತಿದ್ದ ನಾಯಿಯತ್ತಲೂ ಏಕಕಾಲಕ್ಕೆ ತಿರುಗಿಸಿತು. ಅಷ್ಟರಲ್ಲಿ ಎಲ್ಲಿಯೋ ನೆಲಗುಬ್ಬಿಯೊಂದು ಹಾಡತೊಡಗಿತು. ಜೊತೆಯಲ್ಲಿದ್ದ ಧನಗರ ಕುರುಬ ವೃದ್ಧರೊಬ್ಬರು ಕಿವಿ ಮುಚ್ಚುವಂತೆ ಸುತ್ತಿದ್ದ ರುಮಾಲನ್ನು ಮೇಲಕ್ಕೆ ಸರಿಸಿ, ಕ್ಷಣಮಾತ್ರ ಆಲಿಸಿ, ನೆತ್ತಿಯ ನೇರಕ್ಕೆ ಬೆರಳು ತೋರಿದರು. ಹಕ್ಕಿ ಅಲ್ಲಿಯೇ ರೆಕ್ಕೆ ಬಡಿಯುತ್ತಿತ್ತು. ರುಮಾಲನ್ನೇಕೆ ಸರಿಸಿದಿರೆಂದು ಕೇಳಿದೆ. "ಬಟ್ಟೆಯೊಳಗಿದ್ದರೆ ಎಡಬಲ ತಿಳಿಯುತ್ತದೆ ಸಾಹೇಬರೆ, ಮೇಲೆ ಕೆಳಗೆ ತಿಳಿಯುವುದಿಲ್ಲ" ಎಂದರು. ಕೂಡಲೇ ನನ್ನ ಶಾಲನ್ನು ಸುತ್ತಿ, ಬಿಚ್ಚಿ ಪರೀಕ್ಷಿಸಿದೆ. ಅವರ ಮಾತು ಅಕ್ಷರಶಃ ಸತ್ಯವಾಗಿತ್ತು.

ಮನುಷ್ಯನ ಹೊರಗಿವಿ ಮಡಿಕೆಗಳ ಸಮೇತ ನಿರುಪಯುಕ್ತವಾದೊಂದು ಅವಶೇಷವೆಂದು 1871ರಲ್ಲಿ ಬರೆದ ಡಾರ್ವಿನ್ನನಲ್ಲಿ ನನಗೆ ಅಪಾರ ಗೌರವವಿದ್ದರೂ, ಈ ಒಂದು ವಿಷಯದಲ್ಲಿ ಆ ಕುರುಬರ ಪಕ್ಷವೇ ನನ್ನದು. 1907ರಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲೀ, ಶಬ್ದ ಎರಡು ಕಿವಿಗಳನ್ನು ಮುಟ್ಟುವ ಕಾಲದ ಮತ್ತು ತೀವ್ರತೆಯ ಅಂತರಗಳಿಂದ ಎಡಬಲಗಳ ಜ್ಞಾನವನ್ನು ವಿವರಿಸಿದನು. ಆದರೆ ನೆತ್ತಿಯ ಮೇಲಿನ ದನಿಗೂ ಮೂಗಿನೆದುರಿನ ದನಿಗೂ ಆ ಅಂತರಗಳು ಹೆಚ್ಚುಕಡಿಮೆ ಶೂನ್ಯವೇ ಆದ್ದರಿಂದ ಎತ್ತರದ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ಉತ್ತರವನ್ನು ಕಿವಿಯ ಮಡಿಕೆಗಳಲ್ಲಿಯೇ ಅರಸಿ 1967ರಲ್ಲಿ ಬರೆದವನು ಸಂಶೋಧಕ ಬ್ಯಾಟೋ.

ನೇರವಾಗಿ ಒಳಹೋಗುವ ಅಲೆಯ ಹಿಂದೆಯೇ, ಮಡಿಕೆಗೆ ತಾಗಿ ಹಿಂತಿರುಗಿದ ಅದರ ಪ್ರತಿಧ್ವನಿಯೂ ಅತ್ಯಲ್ಪ ವಿಳಂಬದಿಂದ ಕರ್ಣನಾಳವನ್ನು ಹೊಕ್ಕು, ಎರಡೂ ಕೂಡಿದಾಗ ಕೆಲವು ಉಚ್ಚ ಆವರ್ತನಗಳು ಪರಸ್ಪರ ಅಳಿಸಿಹೋಗುತ್ತವೆ; ದನಿ ಮೇಲೇರಿದಂತೆ ಈ ಅಳಿಸಿದ ಜಾಗವೂ ಸ್ಥೂಲವಾಗಿ ಆರರಿಂದ ಹತ್ತು ಸಾವಿರ ಹರ್ಟ್ಸ್‌ಗಳ ನಡುವೆ ಮೇಲೇರುತ್ತದೆ. ಎಂಟು ಸಾವಿರ ಹರ್ಟ್ಸ್‌ನ ಅಲೆಯ ಉದ್ದ ಸುಮಾರು ನಾಲ್ಕೂಕಾಲು ಸೆಂಟಿಮೀಟರು. ಅಂಥ ಕಿರಿಯ ಅಲೆಗಳ ಮೇಲೆ ಮಾತ್ರ ಬೆರಳಗಲದ ಮಡಿಕೆಗಳ ಪ್ರಭಾವ ನಡೆಯುವುದರಿಂದಲೇ ಗುಡುಗಿನ ಮಂದ್ರಕ್ಕೆ ಅವು ನಿರುಪಾಯ.

ನನಗೆ ಅತ್ಯಂತ ಪ್ರಿಯವಾದದ್ದು ನೆದರ್ಲೆಂಡ್ಸಿನ ಹಾಫ್‌ಮನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗ. ಕಿವಿಯ ನಡುಗುಳಿಗೆ ಅಚ್ಚುಗಳನ್ನು ಕೂರಿಸಿ ಅದರ ಆಕಾರವನ್ನೇ ಬದಲಿಸಿದಾಗ, ಎಡಬಲಗಳ ಅರಿವು ಕುಂದಲಿಲ್ಲ, ಎತ್ತರದ ಅರಿವು ಮಾತ್ರ ಕೆಟ್ಟಿತು. ವಾರಗಟ್ಟಲೆ ಅವನ್ನೇ ಧರಿಸಿ ನಿತ್ಯಜೀವನ ನಡೆಸಿದವರಲ್ಲಿ ಅದು ಕ್ರಮೇಣ ಮರಳಿತು. ಅಚ್ಚನ್ನು ತೆಗೆದಾಗ ಹಳೆಯ ಕಿವಿಯ ಜ್ಞಾನ ಒಡನೆಯೇ ಸಿದ್ಧವಾಗಿತ್ತು! ಪರಭಾಷೆ ಕಲಿತವನು ತಾಯ್ನುಡಿಯನ್ನು ಮರೆಯದಂತೆ, ಮಿದುಳು ಎರಡು ಕಿವಿಯಾಕಾರಗಳನ್ನು ಒಟ್ಟಿಗೆ ಧರಿಸಿತ್ತು. ಪ್ರತಿಯೊಬ್ಬರ ಮಡಿಕೆಯೂ ಭಿನ್ನವಾದ್ದರಿಂದ ಈ ಪಾಠವನ್ನು ತಂತಮ್ಮ ಕಿವಿಯಿಂದಲೇ ಕಲಿಯಬೇಕು. ಕಿವಿಯ ಹಿಂದೆ ಸಿಕ್ಕಿಸುವ ಶ್ರವಣಸಾಧನದ ಮೈಕ್ರೋಫೋನು ಹೊರಗಿವಿಯ ಮೇಲ್ಗಡೆಯೇ ಉಳಿದು, ಮಡಿಕೆಗಳು ತಿದ್ದಿದ ಶಬ್ದವನ್ನು ಹಿಡಿಯಲಾರದ ಕಾರಣ, ಅದನ್ನು ಧರಿಸಿದ ಹಿರಿಯರಿಗೆ ಮಹಡಿಯಿಂದ ಕರೆದರೆ ಎಲ್ಲಿಂದ ಕರೆದರೆಂಬುದು ಸುಲಭವಾಗಿ ಹೊಳೆಯುವುದಿಲ್ಲ.